ಜೋಡು ಬೇಡ

ದೇವಮ್ಮ ಪೆನ್ಸಿಲು ತೆಗೆದು, ಪಟ್ಟಿಯ ಆರನೆಯ ಹೆಸರಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಅದು ಅವಳದೇ ಹೆಸರು.

ಗುತ್ತಿಗಾರಿನ ಮೇಲ್ಗಡೆ ನೀರ್ಕಾನವೆಂಬ ಕಾಡು. ಊರಿನ ಹೊಳೆ ಹುಟ್ಟುವುದು ಅಲ್ಲಿ. ಕಾಡೂ ನೀರೂ ಕೆಡಬಾರದೆಂದು ವರ್ಷಕ್ಕೆ ಒಂದೇ ದಿನ, ಆರೇ ಜನಕ್ಕೆ ಒಳಗೆ ಹೋಗಲು ಒಪ್ಪಿಗೆ. ಕರೆದುಕೊಂಡು ಹೋಗುವವನು ಕುಕ್ಕಪ್ಪ, ಹಿಂದೆ ಅದೇ ಕಾಡಿನ ವಾಚರ್ ಆಗಿದ್ದವನು. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷ. ಅಂದಿನಿಂದ ಅವನ ಬೆಳಗಿನ ಚಹಾ ದೇವಮ್ಮನ ಹೋಟೆಲಿನಲ್ಲಿ. ಅವಳೂ ಒಂಟಿ. ಇಷ್ಟು ವರ್ಷ ಅವರಿಬ್ಬರು ಮಾತಾಡಿದ್ದು ಮಳೆ, ಆನೆ, ಸಕ್ಕರೆ ಸಾಕಾ ಬೇಕಾ, ಅಷ್ಟೇ. ಆದರೆ ಅವನ ಲೋಟದಲ್ಲಿ ಅವಳು ಬೇರೆ ಯಾರಿಗೂ ಚಹಾ ಕೊಟ್ಟವಳಲ್ಲ.

ಹೋದ ವಾರ ಅವಳೇ ಬಾಯಿಬಿಟ್ಟಿದ್ದಳು. "ಈ ಸಲ ನನ್ನ ಹೆಸರೂ ಹಾಕಿ ಗೌಡ್ರೇ. ನಲ್ವತ್ತು ವರ್ಷ ಕುಡಿದ ನೀರು, ಎಲ್ಲಿ ಹುಟ್ಟುದು ಅಂತ ಒಮ್ಮೆ ನೋಡ್ಬೇಕು."

ಕೇಳಿದ್ದು ನೀರಿಗಾಗಿ ಮಾತ್ರ ಅಲ್ಲವೆಂದು ಅವಳಿಗೆ ಗೊತ್ತಿತ್ತು.

ಇವತ್ತು ಅವನು ಪಟ್ಟಿ ತಂದ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ. ಮೊದಲನೆಯದು ಅವನ ಹೆಸರು, ಕೊನೆಯದು ಅವಳದು, ನಡುವೆ ಪುತ್ತೂರಿನ ನಾಲ್ಕು ಕಾಲೇಜು ಮಕ್ಕಳು. ಕೆಳಗೆ ದಪ್ಪ ಅಕ್ಷರ:

ಸೋಪು ಬೇಡ. ಪ್ಲಾಸ್ಟಿಕ್ ತೊಟ್ಟೆ ಬೇಡ. ಬೊಬ್ಬೆ ಬೇಡ. ಜೋಡು ಬೇಡ.

ಕೊನೆಯದನ್ನು ಅವಳು ಎರಡು ಸಲ ಓದಿದಳು. ನನ್ನ ಆಸೆ ಇವರಿಗೆ ಗೊತ್ತಾಗಿದೆ, ಜೊತೆ ಬೇಡ ಅನ್ನುವುದೇ ಉತ್ತರ ಎಂದುಕೊಂಡಳು. ಗೆರೆ ಎಳೆದದ್ದು ಆಗಲೇ.

"ಹೆಸರು ಯಾಕೆ ಹೊಡೆದು ಹಾಕಿದ್ದು?" ಕುಕ್ಕಪ್ಪ ಕೇಳಿದ.

"ನೀವೇ ಬರ್ದಿದ್ದೀರಲ್ಲ, ಬೇಡ ಅಂತ."

"ಎಂತ ಬೇಡ?"

ಅವಳು ಬೆರಳಿಟ್ಟು ತೋರಿಸಿದಳು, ಮುಖ ಮಾತ್ರ ಬಾಗಿಲ ಕಡೆ.

"ಅದು ಚಪ್ಪಲಿ ಮಾರಾಯ್ರೆ! ನಮ್ಮ ಶಾಲೆ ಮಾಷ್ಟ್ರು ಜೋಡು ಅಂತಲೇ ಹೇಳ್ತಿದ್ದದ್ದು. ಚಪ್ಪಲಿ ಅಡಿಗೆ ಅಂಟಿ ಆ ಕಮ್ಯುನಿಸ್ಟ್ ಕಳೆಗಿಡದ ಬೀಜ ಮೇಲೆ ಹೋದ್ರೆ ಕಾಡು ಮುಗೀತು. ಅದಕ್ಕೆ ಬರಿಗಾಲಲ್ಲಿ ಹೋಗುದು. ನೀವು ಎಂತ ಗ್ರಹಿಸಿದ್ದು?"

ದೇವಮ್ಮ ಒಣಗಿದ್ದ ಲೋಟವನ್ನೇ ಒರೆಸಿದಳು, ಮತ್ತೂ ಒರೆಸಿದಳು. ಕಿವಿ ಬಿಸಿಯಾಗಿತ್ತು. ಓರೆಗಣ್ಣಿಗೆ ಅವನು ಕಂಡ: ಮೊದಲು ಪಟ್ಟಿ ನೋಡಿದ, ಆಮೇಲೆ ಅವಳನ್ನು, ಪುನಃ ಪಟ್ಟಿಯನ್ನು. ಹುಬ್ಬು ಮೆಲ್ಲಗೆ ಮೇಲೇರಿತು.

"ಪೆನ್ಸಿಲು ಕೊಡಿ," ಎಂದ.

'ಜೋಡು' ಹೊಡೆದು ಹಾಕಿದ. 'ಚ' ಬರೆದು ನಿಂತ. "ಪ-ಗೆ ಪ ಒತ್ತು ಹೇಗೆ ಮಾರಾಯ್ರೆ?"

"ನಿಮ್ಮ ಹೆಸರಲ್ಲೇ ಉಂಟಲ್ಲ! ಅರ್ವತ್ತು ವರ್ಷ ಎಂತ ಬರೆದದ್ದು ನೀವು?"

"ಹೌದಲ್ಲ!" ಅವನು ನಕ್ಕ. ಬರೆದು ಮುಗಿಸಿದ. ಆಮೇಲೆ ಕೇಳದೆಯೇ, ಪಟ್ಟಿಯ ತಲೆಯಲ್ಲಿದ್ದ ತನ್ನ ಹೆಸರಿನ ಪಕ್ಕದಲ್ಲಿ 'ದೇವಮ್ಮ' ಎಂದು ಬರೆದ.

"ಜೋಡು ಅಂತಲೇ ಇರ್ಬಹುದಿತ್ತು," ಎಂದಳು ಅವಳು. "ನನಗೀಗ ಗೊತ್ತಾಯ್ತಲ್ಲ."

ಕುಕ್ಕಪ್ಪ ಚಹಾದ ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಬೇಡ. ಆ ಶಬ್ದ ಚಪ್ಪಲಿಗೆ ಕೊಡುದು ಬೇಡ. ನಮಗೆ ಬೇಕಾಗ್ತದೆ."