ಅವನ ಮಾತು ಮುಗಿಯುವ ತನಕ

"ಅಯ್ಯೋ, ಈ ಗಾಡಿ ಸ್ಟಾರ್ಟೇ ಆಗ್ತಿಲ್ವಲ್ಲೇ! ಯಾರಾದ್ರೂ ಹಿಂದಿನಿಂದ ತಳ್ರೇ!"

ಇಷ್ಟಕ್ಕೇ ಅವಳು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಗೆಳತಿಯರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಮಾತಿನಮಲ್ಲಿ ಎಂದು. ಸುಮ್ಮನಿರುವುದು ಅವಳ ಜಾಯಮಾನವಲ್ಲ.

"ಡ... ಡ... ಡ... ಡ..." ಎಂದು ಸಾಲಿನಲ್ಲಿ ಮುಂದೆ ನಿಂತವನ ತೊದಲನ್ನು ಹಾಗ್‌ಹಾಗೇ ಅಣಕಿಸಿದಳು. ಜೊತೆಗೆ ಬಂದಿದ್ದ ಗೆಳತಿಯರು, ಗುಂಡಮ್ಮ, ಲಾಯರಮ್ಮ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಪರದೇಶದ ಹಳೆಯ ಕೋಟೆಯ ಹಿಂದಿನ ಓಣಿಯಲ್ಲಿದ್ದ ಅಗ್ಗದ ಹಾಸ್ಟೆಲ್ ಅದು. ವಿಮಾನದಲ್ಲಿ ಚಿಕ್ಕ ಬ್ಯಾಗು ಮಾತ್ರ ಬಿಡುತ್ತಾರೆಂದು ಮೂವರೂ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಮೂಟೆಗಳಂತೆ ಬಂದಿದ್ದರು. ಹಸಿವು, ನಿದ್ದೆ, ಕಾಲುನೋವು. ಕೌಂಟರಿನಲ್ಲಿ ಅವರಿಗಿಂತ ಮುಂದಿದ್ದವನೋ ತನ್ನ ಹೆಸರು ಹೇಳಲಿಕ್ಕೇ ಒದ್ದಾಡುತ್ತಿದ್ದ. ಇಲ್ಲಿ ಕನ್ನಡ ಯಾರಿಗೆ ಗೊತ್ತಾಗುತ್ತೆ ಅನ್ನುವ ಧೈರ್ಯ ಬೇರೆ!

ಅವನು ಕೀಲಿಕೈ ತೆಗೆದುಕೊಂಡು ತಿರುಗಿದ. ಬಗ್ಗಿ ನೆಲದಲ್ಲಿ ಬಿದ್ದಿದ್ದ ಅವಳ ಮಫ್ಲರ್ ಎತ್ತಿ ಕೈಗಿತ್ತ.

"ನಿಮ್ದು ಬಿದ್ದಿತ್ತು," ಎಂದ, ಅಚ್ಚ ಕನ್ನಡದಲ್ಲಿ! ಆಮೇಲೆ ಸಣ್ಣಗೆ ನಕ್ಕು, "ಗಾ... ಗಾಡಿ ಸ್ಟಾರ್ಟ್ ಆಯ್ತು. ಇನ್ನು ನೀವು ಮು... ಮುಂದೆ ಹೋಗಬಹುದು."

ಮಲ್ಲಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅವಳ ನಾಚಿಕೆಗೆ ಇನ್ನೊಂದು ಕಾರಣವಿತ್ತು, ಗೆಳತಿಯರಿಬ್ಬರಿಗೆ ಮಾತ್ರ ಗೊತ್ತಿದ್ದ ಕಾರಣ. ಮಲ್ಲಿ ಸ್ಪೀಚ್ ಥೆರಪಿಸ್ಟ್. ತೊದಲುವ ಮಕ್ಕಳಿಗೆ ಮಾತು ಕಲಿಸುವುದೇ ಅವಳ ಅನ್ನ. ಮಗು ಮಾತಾಡುವಾಗ ನಕ್ಕ ಅಪ್ಪಂದಿರನ್ನು ಕೋಣೆಯಿಂದ ಹೊರಗೆ ಕಳಿಸಿದವಳು ಅವಳು!

'ಛೀ! ನಾನೇನಾ ಹಾಗೆ ಮಾಡಿದ್ದು? ನಾನೇನಾ?'

ಮರುದಿನ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಅವನು ಒಬ್ಬನೇ ಚಹಾ ಕುದಿಸುತ್ತಿದ್ದ. ಮಲ್ಲಿ ಬಾಗಿಲಲ್ಲೇ ನಿಂತು, "ನಿನ್ನೆದು... ಸಾರಿ," ಎಂದಳು. ಇಷ್ಟು ಚಿಕ್ಕ ಮಾತು ಅವಳು ಜನ್ಮದಲ್ಲಿ ಆಡಿರಲಿಲ್ಲ.

"ಪ... ಪರವಾಗಿಲ್ಲ. ಅಭ್ಯಾಸ ಇದೆ."

ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಭ್ಯಾಸ ಇದೆ ಅಂದನಲ್ಲ, ಅದೇ ಎದೆಗೆ ಚುಚ್ಚಿತು.

ಅಷ್ಟರಲ್ಲಿ ಲಾಯರಮ್ಮ ನುಗ್ಗಿ ಬಂದಳು. "ಸಾರ್, ನೀವು ಒಬ್ರೇನಾ? ಇಲ್ಲಿ ನಾಲ್ಕು ಜನ ಸೇರಿ ಟಿಕೆಟ್ ತಗೊಂಡ್ರೆ ರೈಲು, ಬಸ್ಸು, ಕೋಟೆ ಎಲ್ಲಾ ಅಗ್ಗ ಅಂತೆ. ನಮಗೆ ಒಬ್ರು ಕಮ್ಮಿ. ಬರ್ತೀರಾ?"

ಮಲ್ಲಿ ಕಣ್ಣಲ್ಲೇ ಬೇಡ ಬೇಡ ಎಂದಳು. ಲಾಯರಮ್ಮನಿಗೆ ಅಗ್ಗದ ಮುಂದೆ ಯಾರ ಕಣ್ಣೂ ಕಾಣುವುದಿಲ್ಲ.

ಹೀಗೆ ಅವನು ಜೊತೆಯಾದ. ಅವನು ಹಲ್ಲಿನ ಡಾಕ್ಟರು ಎಂದು ಗೊತ್ತಾದದ್ದೇ ಗುಂಡಮ್ಮ, "ಅದ್ಯಾಕೆ ಸಾರ್ ಹಲ್ಲೇ ಬೇಕಾಯ್ತು?" ಎಂದು ಕೇಳಿದಳು.

"ಪೇಷಂಟ್ ಬಾಯಿ ತುಂಬಾ ಹ... ಹತ್ತಿ ಇರುತ್ತೆ. ನನ್ನ ಮಾತನ್ನ ಅವರು ಮು... ಮುಗಿಸೋಕಾಗಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಲ್ಲಿ ಮಾತ್ರ ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು.

ಕೋಟೆಯ ಬುರುಜು, ಕಲ್ಲು ಹಾಸಿದ ಓಣಿಗಳು, ಊರಿಂದ ಊರಿಗೆ ಕುಲುಕುತ್ತ ಹೋಗುವ ರೈಲು... ಮಧ್ಯಾಹ್ನ ಯಾವುದೋ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ಹಂಚಿಕೊಂಡು ತಿನ್ನುವುದು. ಅವನು ಬಾಯಿ ತೆರೆದರೆ ಸಾಕು, ಗುಂಡಮ್ಮನಿಗೆ ಅವಸರ.

"ಈಗ ಹ... ಹ..."

"ಹಸಿವಾ ಸಾರ್?"

"ಹಳೇ ಸೇತುವೆ ನೋಡೋಣ್ವಾ ಅಂತ."

ಮಲ್ಲಿ ಮಾತ್ರ ಅವನ ಮಾತನ್ನು ಒಮ್ಮೆಯೂ ಮುಗಿಸಲಿಲ್ಲ. ಅವನ ಕಣ್ಣು ನೋಡುತ್ತ ಕಾಯುತ್ತಿದ್ದಳು. ಮೊದಮೊದಲು ಅದು ತಪ್ಪಿಗೆ ತಾನೇ ಹಾಕಿಕೊಂಡ ದಂಡದಂತಿತ್ತು. ಬರಬರುತ್ತ, ಅವನ ಮಾತಿಗೆ ಅವಳ ಕಿವಿ ತಾನಾಗಿಯೇ ಕಾಯತೊಡಗಿತು. ಅವನು ಒಂದೊಂದು ಮಾತನ್ನೂ ಕಷ್ಟಪಟ್ಟು ತರುತ್ತಿದ್ದ. ಅದಕ್ಕೇ ಇರಬೇಕು, ಅವನ ಬಾಯಲ್ಲಿ ಸುಳ್ಳು, ಚಾಡಿ ಒಂದೂ ಬರುತ್ತಿರಲಿಲ್ಲ.

ಸೇತುವೆಯ ಮೇಲೆ ಅವನು ಕೇಳಿದ. "ನೀವೇನು ಕೆ... ಕೆಲಸ ಮಾಡೋದು?"

ಮಲ್ಲಿ ನೀರಿನ ಕಡೆ ಮುಖ ತಿರುಗಿಸಿದಳು. "ಶಾಲೆಯಲ್ಲಿ... ಕ್ಲರ್ಕು," ಎಂದಳು. ಹಿಂದೆಯೇ ಬರುತ್ತಿದ್ದ ಗುಂಡಮ್ಮನಿಗೆ ಕೆಮ್ಮು ಹತ್ತಿತು.

'ಒಂದು ತಪ್ಪು ಸಾಲದು ಅಂತ ಇದೊಂದು ಸುಳ್ಳು! ಎಲ್ಲಿಗೆ ಹೋಗಿ ಮುಟ್ಟುತ್ತೋ ಇದು...'

ಹೋಗಿ ಮುಟ್ಟಿದ್ದು ಸಮುದ್ರದ ದಡಕ್ಕೆ. ಪ್ರವಾಸದ ಕೊನೆಯ ಊರು ಅದು. ಸಂಜೆ ಗೆಳತಿಯರಿಬ್ಬರೂ ನೀರಿಗಿಳಿದಿದ್ದರು. ಮಲ್ಲಿ ಮತ್ತು ಅವನು ಮರಳಿನ ಮೇಲೆ ಕೂತಿದ್ದರು. ಅವನ ಕೈ ಅವಳ ಕೈಗೆ ಇನ್ನೇನು ತಾಕಬೇಕು, ಅವಳ ಫೋನು ಹೊಡೆದುಕೊಂಡಿತು. ಅವಳ ಬಳಿ ಮಾತಿನ ತರಬೇತಿಗೆ ಬರುವ ಪುಟ್ಟ ಹುಡುಗಿಯ ವಿಡಿಯೋ ಕಾಲ್. ಗಾಬರಿಯಲ್ಲಿ ಎತ್ತಿಬಿಟ್ಟಳು.

"ಮಿಸ್! ಇವತ್ತು ಕ್ಲಾಸಲ್ಲಿ ಪಾ... ಪಾಠ ಓದಿದೆ. ಎಲ್ರೂ ನಕ್ರು. ನೀವು ಹೇಳಿದ ಹಾಗೇ ನಿ... ನಿಲ್ಲಿಸದೆ ಓದಿದೆ." ಮಗುವಿನ ಕಣ್ಣಲ್ಲಿ ನೀರಿತ್ತು. "ಮಿಸ್... ನಗೋರು ಕೆಟ್ಟೋರಾ?"

ಪಕ್ಕದಲ್ಲಿ ಅವನು ಕಲ್ಲಿನಂತೆ ಕೂತಿದ್ದ. ಇನ್ನೊಂದು ಸುಳ್ಳು ಹೇಳಿ ಫೋನಿಡಬಹುದಿತ್ತು. ಅವಳಿಂದ ಆಗಲಿಲ್ಲ.

"ಪುಟ್ಟೀ... ಮಿಸ್ ಕೂಡಾ ನಕ್ಕಿದ್ದಾಳೆ ಕಣೇ. ಒಬ್ಬರ ಬೆನ್ನ ಹಿಂದೆ ನಿಂತು, ಅವರ ಹಾಗೇ ಮಾತಾಡಿ ಅಣಕಿಸಿದ್ದಾಳೆ. ಆಮೇಲೆ ಮುಖ ಎತ್ತೋಕೆ ಆಗದಷ್ಟು ನಾಚಿಕೆ ಆಯ್ತು. ತಪ್ಪು ಅವಳದು. ಅವರದ್ದಲ್ಲ. ನಿಂದೂ ಅಲ್ಲ."

ಮಗು ಕಣ್ಣೊರೆಸಿಕೊಂಡಿತು. "ಸಾ... ಸಾರಿ ಕೇಳಿ ಮಿಸ್, ಸರಿಹೋಗುತ್ತೆ," ಎಂದು ಸಮಾಧಾನ ಹೇಳಿ ಫೋನಿಟ್ಟಿತು.

ಅವನು ಎದ್ದು ನಿಂತ.

"ನೀವು ಕ್ಲ... ಕ್ಲರ್ಕ್ ಅಲ್ಲ, ಮಾತು ಕಲಿಸೋರು. ಹಾಗಾದ್ರೆ ಇಷ್ಟು ದಿನ ನೀವು ಕಾ... ಕಾದಿದ್ದು... ಕೆಲಸ ಅಂತಾನಾ? ನಾನು ನಿಮ್ಮ ಪೇ... ಪೇಷಂಟಾ?"

"ಅಲ್ಲ! ಖಂಡಿತಾ ಅಲ್ಲ!"

"ಅಣಕಿಸಿದ್ದಕ್ಕೆ ನೋ... ನೋವಾಗ್ಲಿಲ್ಲ ರೀ. ಇದಕ್ಕೆ ಆಯ್ತು."

ಮರಳಿನಲ್ಲಿ ಒಬ್ಬನೇ ನಡೆದುಹೋದ. ಮಲ್ಲಿ ಕೂತಲ್ಲೇ ಕೂತಿದ್ದಳು. ಊರೆಲ್ಲ ಮಾತಾಡಿದ ಬಾಯಿಗೆ ಬೇಕಾದಾಗ ಒಂದು ಮಾತು ಸಿಗಲಿಲ್ಲ.

ಬೆಳಿಗ್ಗೆ ವಿಮಾನ ನಿಲ್ದಾಣದ ಬಸ್ಸಿಗೆ ಹೊರಟಾಗ ಅವನ ಮಂಚ ಖಾಲಿಯಾಗಿತ್ತು. "ಹೇಳ್ದೆ ಹೋಗಿಬಿಟ್ರಲ್ಲೇ," ಎಂದಳು ಗುಂಡಮ್ಮ. ಮಲ್ಲಿಗೋ ಅತ್ತು ಅತ್ತು ಮುಖ ಊದಿತ್ತು.

ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಮುಂದೆ ಸಾಲು. ಎಲ್ಲರಿಗಿಂತ ಮುಂದೆ... ಅವನು!

ಕಿಟಕಿಯೊಳಗಿನವಳು ಎಷ್ಟು ಟಿಕೆಟ್ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಅವನ ತುಟಿ ಅಲುಗುತ್ತಿತ್ತು, ಸದ್ದಿಲ್ಲ. ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. ಯಾರೋ ನಕ್ಕರು. ಆ ನಗು ಮಲ್ಲಿಗೆ ಚೆನ್ನಾಗಿ ಪರಿಚಯ, ತನ್ನದೇ ನಗು ಅದು.

"ಒಂದು ಅಂತ ನೀನಾದ್ರೂ ಹೇಳೇ! ಬಸ್ಸು ತಪ್ಪುತ್ತೆ!" ಗುಂಡಮ್ಮ ತಿವಿದಳು.

"ತಪ್ಪಲಿ," ಎಂದಳು ಮಲ್ಲಿ. "ಅವರ ಮಾತು ಅವರೇ ಆಡ್ತಾರೆ."

ಬೆರಳು ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ತೋರಿಸಲಿಲ್ಲ. ಕಣ್ಣು ಮುಚ್ಚಿ, ಉಸಿರೆಳೆದು, ಕೊನೆಗೂ ಹೇಳಿದ.

"ಫೋರ್."

ನಾಲ್ಕು! ಮಲ್ಲಿಯ ಕಣ್ಣು ಮಂಜಾಯಿತು. ಅವನು ಟಿಕೆಟ್ ಹಿಡಿದು ಅವಳೆದುರು ಬಂದು ನಿಂತ. ಅವನ ಕಣ್ಣುಗಳೂ ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಯೋ... ಯೋಚನೆ ಮಾಡಿದೆ. ಕೆಲಸ ಅಂತ ಕಾದಿದ್ರೆ ಕೆಲಸ ಮು... ಮುಚ್ಚಿಡ್ತಿರಲಿಲ್ಲ. ನಾಚಿಕೆ ಆದೋರು ಮಾತ್ರ ಮುಚ್ಚಿಡೋದು. ಆ ಮಗು ಮುಂದೆ ನೀವು ಒ... ಒಪ್ಕೊಂಡ್ರಲ್ಲ, ಅಷ್ಟು ಯಾರೂ ಮಾಡಲ್ಲ." ಟಿಕೆಟ್ ಜೇಬಿಗಿಟ್ಟು ಕೇಳಿದ. "ಈಗ ಹೇಳಿ. ಯಾಕೆ ಕಾ... ಕಾಯ್ತಿದ್ರಿ?"

"ಯಾಕಂದ್ರೆ... ನಾನು... ನಿಮ್ಮನ್ನ..."

ಮುಂದಕ್ಕೆ ಬರಲಿಲ್ಲ. ಗಂಟಲಲ್ಲೇ ಸಿಕ್ಕಿಕೊಂಡಿತು. ಮಾತಿನಮಲ್ಲಿ, ಮಾತು ಕಲಿಸುವ ಟೀಚರು, ತುಂಬಿದ ಬಸ್ ನಿಲ್ದಾಣದಲ್ಲಿ ಬಾಯಿ ತೆರೆದು ನಿಂತಿದ್ದಳು.

"ಪ್ರೀತಿ..." ಎಂದು ಶುರು ಮಾಡಿದ ಗುಂಡಮ್ಮನ ಬಾಯನ್ನು ಲಾಯರಮ್ಮ ಗಬಕ್ಕನೆ ಮುಚ್ಚಿದಳು.

ಆಚೆ ಬಸ್ಸು ಹಾರ್ನ್ ಹೊಡೆಯಿತು.

"ಬಸ್ಸು ಹೋಗಿಬಿಡುತ್ತೆ ರೀ..." ಮಲ್ಲಿ ಅಳುತ್ತಲೇ ಅಂದಳು.

ಅವನು ಅವಳ ಬ್ಯಾಗನ್ನು ತನ್ನ ಹೆಗಲಿಗೇರಿಸಿಕೊಂಡ. ಜಾರುತ್ತಿದ್ದ ಮಫ್ಲರನ್ನು ಅವಳ ಕುತ್ತಿಗೆಗೆ ಸರಿಯಾಗಿ ಸುತ್ತಿದ.

"ಹೋಗಲಿ ಬಿಡಿ," ಎಂದ. "ನೀವು ಹೇಳಿ ಮುಗಿಸಿ. ನಾನು ಕಾಯ್ತೀನಿ."