ಸುಣ್ಣದ ಗೆರೆ

"ನಿಂತ್ಕೊಳ್ಳಿ! ಆ ಗೆರೆ ದಾಟ್ಬೇಡಿ!"

ಅಂಜಿನಮ್ಮ ಕೂಗಿದ ರಭಸಕ್ಕೆ ಬಂದವನು ಹೊಸಿಲ ಹೊರಗೇ ನಿಂತ. ರೇಷ್ಮೆ ಹುಳು ಸಾಕುವ ಹುಳುಮನೆಗೆ ಹೊರಗಿನವರು ರೋಗ ತರಬಾರದೆಂದು ಅವಳ ಅವ್ವ ನರಸಮ್ಮ ಎಳೆದಿದ್ದ ಸುಣ್ಣದ ಗೆರೆ ಅದು.

"ತಪ್ಪಾಯ್ತಮ್ಮಾ... ನಾನು ಮುನಿಸ್ವಾಮಿ, ಸೇಲಂ ಕಡೆಯವನು. ರೇಷ್ಮೆ ಪಾಠ ಹೇಳೋಕೆ ಸರ್ಕಾರ ಕಳಿಸಿದೆ."

ಯುದ್ಧದ ಕಾಲ. ಪ್ಯಾರಾಚೂಟಿಗೆ ರೇಷ್ಮೆ ಬೇಕಿತ್ತು. ಆದರೆ ದೇವನಹಳ್ಳಿ ಸೀಮೆಯ ಚನ್ನರಾಯಪಟ್ಟಣದ ಹೆಂಗಸರಿಗೆ ಈ ತಮಿಳು ಮೇಷ್ಟ್ರೂ ಬೇಡ, ಕಣ್ಣಿಗೆ ಕಾಣದ್ದನ್ನು ದೊಡ್ಡದಾಗಿ ತೋರಿಸುವ ಅವನ ದುರ್ಬೀನೂ ಬೇಡ!

ಅವನು ಬೇಸರಪಡಲಿಲ್ಲ. ಗೆರೆಯಾಚೆ ಜಗಲಿಯಲ್ಲೇ ಕೂತು ಪಾಠ ಹೇಳಿದ. ನರಸಮ್ಮನ ಗೆರೆಯನ್ನು ತಾನೂ ಕಲಿತು, ಊರೂರಿಗೂ ಕಲಿಸಿದ. ಗಂಟುರೋಗದ ಹೊಳೆಯುವ ಕಾಳುಗಳನ್ನು ದುರ್ಬೀನಿನಲ್ಲಿ ಗುರುತಿಸಲು ಅಂಜಿನಮ್ಮನಿಗೆ ಹೇಳಿಕೊಟ್ಟ. ಅವನು ಬರುವ ಹೊತ್ತಿಗೆ ಅವಳ ಕಣ್ಣು ದಾರಿಯ ಮೇಲಿರುತ್ತಿತ್ತು... ಪಾಪ, ಅವಳಿಗೇ ಅದು ತಿಳಿದಿರಲಿಲ್ಲ.

ಒಂದು ದಿನ, ಕಾಯಿಲೆ ಬಿದ್ದಿದ್ದ ನರಸಮ್ಮ ಹುಳುಮನೆಯೊಳಗೆ ಕುಸಿದಳು. ಮುನಿಸ್ವಾಮಿ ಗೆರೆ ದಾಟಿ ಓಡಿ, ಅವಳನ್ನು ಎತ್ತಿ ತಂದು ಮಂಚದ ಮೇಲೆ ಮಲಗಿಸಿದ.

ವಾರದಲ್ಲೇ ಹುಳುಗಳು ಸೊಪ್ಪು ತಿನ್ನುವುದನ್ನು ಬಿಟ್ಟವು. ಮೈಮೇಲೆಲ್ಲ ಕರಿಚುಕ್ಕೆ!

"ಗಂಟುರೋಗ... ಎಲ್ಲಾ ಸುಡ್ಬೇಕು," ಎಂದ ಮುನಿಸ್ವಾಮಿ.

"ನೀವೇ ತಂದಿದ್ದು! ಕಂಡೋರ ಊರಿನ ರೋಗ ಕಾಲಲ್ಲಿ ಹೊತ್ತು ತಂದ್ರಿ!" ಅಂಜಿನಮ್ಮ ಕಿರುಚಿದಳು.

ಮುನಿಸ್ವಾಮಿ ಮಂಚದ ಕಡೆ ನೋಡಿದ. ನರಸಮ್ಮ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು.

"ಹೌದು... ನನ್ನಿಂದಲೇ," ಎಂದ.

"ಇನ್ನು ಮುಖ ತೋರಿಸ್ಬೇಡಿ!"

ಅವನು ದುರ್ಬೀನನ್ನು ಜಗಲಿಯಲ್ಲೇ ಬಿಟ್ಟು ಹೊರಟುಹೋದ. ಆ ತಿಂಗಳೇ ನರಸಮ್ಮ ತೀರಿಕೊಂಡಳು.

ಬರಿದಾದ ಹುಳುಮನೆ ಗುಡಿಸುವಾಗ, ಅವ್ವ ತನ್ನ ಕೈಯಾರೆ ಆರಿಸಿದ್ದ ಮೊಟ್ಟೆಯ ಹಾಳೆ ಸಿಕ್ಕಿತು. ಒಡೆಯದೆ ಉಳಿದಿದ್ದ ನಾಲ್ಕು ಮೊಟ್ಟೆ ಅರೆದು ಅಂಜಿನಮ್ಮ ದುರ್ಬೀನಿಗೆ ಕಣ್ಣಿಟ್ಟಳು.

ಹೊಳೆಯುವ ಕಾಳುಗಳು! ರೋಗ ಮೊಟ್ಟೆಯಲ್ಲೇ ಇತ್ತು!

'ಅಯ್ಯೋ... ಎಂಥಾ ಮಾತು ಆಡಿಬಿಟ್ಟೆ!'

ಮೇಷ್ಟ್ರ ಬಿಡಾರವಿದ್ದ ದೇವನಹಳ್ಳಿಯವರೆಗೂ ನಡೆದೇ ಹೋದಳು. ಊರಿಗೆ ಹೊರಟಿದ್ದ ಮುನಿಸ್ವಾಮಿ ಹಾಸಿಗೆ ಸುತ್ತುತ್ತಿದ್ದ.

"ನಿಮಗೆ ಗೊತ್ತಿತ್ತು. ಯಾಕೆ ಸುಳ್ಳು ಹೇಳಿದ್ರಿ ಮೇಷ್ಟ್ರೇ?"

"ಅವ್ವ ಕೇಳ್ತಾ ಇದ್ರು... ತನ್ನ ಕೈಯಿಂದ್ಲೇ ಮಗಳ ಮನೆ ಹಾಳಾಯ್ತು ಅಂತ ಕೊರಗಿ ಅವರು ಹೋಗ್ಬಾರ್ದಿತ್ತು."

ಅಂಜಿನಮ್ಮ ಬಾಗಿಲಿಗೊರಗಿ ಬಿಕ್ಕಿದಳು. "ಅಷ್ಟೊಂದು ಬೈದ್ಬಿಟ್ಟೆ ನಿಮ್ಮನ್ನ..."

"ಅರ್ಧ ಬೈಗುಳ ನಂಗೆ ತಿಳೀಲೇ ಇಲ್ಲ." ಅವನು ನಗಲು ನೋಡಿದ, ಆಗಲಿಲ್ಲ. "ಮುಖ ತೋರಿಸ್ಬೇಡಿ ಅಂದದ್ದು ಮಾತ್ರ ತಿಳೀತು."

"ಹೊಸ ಹುಳ ಇಳಿಸ್ಬೇಕು. ಗೆರೆ ಎಳೆಯೋಕೆ ಅವ್ವ ಇಲ್ಲ... ನೀವೂ ಇಲ್ದಿದ್ರೆ ನನ್ ಕೈಲಾಗಲ್ಲ."

ಮುನಿಸ್ವಾಮಿ ಹಾಸಿಗೆಯ ಹಗ್ಗ ಬಿಚ್ಚಿದ.

"ಗೆರೆ ನಾನು ಎಳೀತೀನಿ. ಆದ್ರೆ ಯಾವ ಕಡೆ ನಿಲ್ಲಲಿ, ಅಂಜಿನಮ್ಮಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಒಳಗೆ ಬನ್ನಿ... ಕಾಲು ತೊಳ್ಕೊಂಡು."