ಇಳಿಭಾರ

೨೦೫೮ರ ಫೆಬ್ರವರಿಯ ಒಂದು ಬೆಳಿಗ್ಗೆ ಕರೇಗುಡ್ಡದ ಬುಡದ ಗೇಟಿನಿಂದ ನೂರೈವತ್ತು ಸೈಕಲ್‌ಗಳು ಹೊರಟವು. ಗುಂಪಿನಲ್ಲಿ ದಾವಣಗೆರೆಯ ಒಬ್ಬ ನಿವೃತ್ತ ಪ್ರಾಂಶುಪಾಲರಿದ್ದರು. ವಯಸ್ಸು ಎಪ್ಪತ್ತೊಂದು, ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಮೊದಲ ತಿರುವಿನ ಏರು ಕಂಡೊಡನೆ ಅವರು ಹೆದರಿ ಹ್ಯಾಂಡಲ್ ಬಿಗಿಯಾಗಿ ಹಿಡಿದರು. ಆದರೆ ಸೈಕಲ್ ನಿಲ್ಲಲಿಲ್ಲ. ಪೆಡಲ್ ಮೇಲೆ ಕಾಲಿಟ್ಟು ಮೆಲ್ಲಗೆ ತಿರುಗಿಸುತ್ತಿದ್ದರೆ ಸಾಕಿತ್ತು. ಚಿಕ್ಕಂದಿನಲ್ಲಿ ಸೈಕಲ್ ಕಲಿಯುವಾಗ ಅಪ್ಪ ಹಿಂದಿನಿಂದ ಸೀಟು ಹಿಡಿದು ತಳ್ಳುತ್ತಿದ್ದ ಹಾಗೆ ಯಾವುದೋ ಬಲ ಅವರನ್ನು ಮೇಲಕ್ಕೆ ಒಯ್ಯುತ್ತಿತ್ತು. ಹನ್ನೊಂದು ಕಿಲೋಮೀಟರ್, ಇಪ್ಪತ್ತಮೂರು ತಿರುವು. ಒಂದು ಲಾರಿಯಿಲ್ಲ, ಒಂದು ಹಾರನ್ ಇಲ್ಲ. ಪ್ರಾಂಶುಪಾಲರು ಪಕ್ಕದಲ್ಲಿ ಬರುತ್ತಿದ್ದ ಹೆಂಗಸಿಗೆ, “ಸ್ವರ್ಗಕ್ಕೆ ಹೋಗೋದು ಹೀಗೇ ಇರುತ್ತೋ ಏನೋ ಮೇಡಂ” ಎಂದರು.

ಆ ಹೆಂಗಸು ಡಾ. ಸಿಂಚನಾ ಬಣಕಾರ. ಆ ಬಲವನ್ನು ಕಂಡುಹಿಡಿದವಳು ತಾನೇ ಎಂದು ಅವಳು ಹೇಳಲಿಲ್ಲ. ಸುಮ್ಮನೆ ನಕ್ಕಳು.

ರಸ್ತೆಯ ಡಾಂಬರಿನ ಕೆಳಗೆ ಅಂಗೈಯಗಲದ ಒಂದು ಪಟ್ಟಿ ಬುಡದಿಂದ ನೆತ್ತಿಯವರೆಗೂ ಹಾಸಿತ್ತು. ಇಂಗಾಲದ ಎಳೆಗಳಿಂದ ನೇಯ್ದ ಪಟ್ಟಿ. ಅದನ್ನು ತಿರುಚಿದರೆ ಆ ಬಿಗಿಯನ್ನು ಎರಡು ದಿನ ಒಳಗೇ ಹಿಡಿದಿಟ್ಟುಕೊಳ್ಳುತ್ತಿತ್ತು. ಗುಡ್ಡ ಇಳಿಯುವ ಗಾಡಿಯ ಚಕ್ರಗಳಲ್ಲಿದ್ದ ಅಯಸ್ಕಾಂತಗಳು, ಹಳೆಯ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ, ಅದನ್ನು ತಿರುಚುತ್ತ ಸಾಗುತ್ತಿದ್ದವು. ಏರುವ ಸೈಕಲ್ಲಿನ ಚಕ್ರ ಮೇಲೆ ಬಂದಾಗ ಪಟ್ಟಿ ಸಡಿಲಗೊಳ್ಳುತ್ತ ಅದನ್ನು ಮುಂದಕ್ಕೆ ನೂಕುತ್ತಿತ್ತು. ವಿದ್ಯುತ್ತಿಲ್ಲ, ಬ್ಯಾಟರಿಯಿಲ್ಲ, ಹೊಗೆಯಿಲ್ಲ. ಇಳಿಯುವ ತೂಕ ಏರುವ ತೂಕವನ್ನು ಎತ್ತುತ್ತದೆ, ಅಷ್ಟೆ. ಕಾಲು ಭಾಗದಷ್ಟು ಶಕ್ತಿ ದಾರಿಯಲ್ಲೇ ಶಾಖವಾಗಿ ಸೋರಿಹೋಗುವುದರಿಂದ ಮೂರು ಕ್ವಿಂಟಲ್ ಏರಬೇಕಾದರೆ ನಾಲ್ಕು ಕ್ವಿಂಟಲ್ ಇಳಿಯಬೇಕು. ಇಳಿಯುವ ಈ ಹೊರೆಗೆ ಸಿಂಚನಾ ತನ್ನ ಮೊದಲ ವರದಿಯಲ್ಲಿ ‘ಇಳಿಭಾರ’ ಎಂದು ಹೆಸರಿಟ್ಟಿದ್ದಳು.

ಅದನ್ನು ಅವಳು ಪ್ರವಾಸಿಗರಿಗಾಗಿ ಮಾಡಿರಲಿಲ್ಲ. ಹದಿನೈದು ವರ್ಷದ ಹಿಂದೆ ಗುಡ್ಡದ ನೆತ್ತಿಯ ಕೋಟೆಹಾಳಕ್ಕೆ ಮೊದಲ ಸಲ ಬಂದಾಗ, ಬುಟ್ಟಿ ತುಂಬ ಸೀತಾಫಲ ಹೊತ್ತು ಇಳಿಯುತ್ತಿದ್ದ ಹುಲಿಗೆವ್ವ ಎಂಬ ಹೆಂಗಸು ಎದುರಾಗಿದ್ದಳು. ಪಾಳೆಯಗಾರರ ಕಾಲದ ಕೋಟೆ, ಅದರೊಳಗೇ ಊರು, ಆಳೆತ್ತರದ ಕಲ್ಲುಗೋಡೆಯ ಎಪ್ಪತ್ತು ಮನೆಗಳು. ಹಣ್ಣು ಮೂರು ದಿನದಲ್ಲಿ ಮೆತ್ತಗಾಗುತ್ತದೆ. ಜೀಪು ವಾರಕ್ಕೊಮ್ಮೆ. “ಇಳಿಯೋದು ಸುಲಭ ಅಲ್ಲವಾ?” ಎಂದು ಸಿಂಚನಾ ಕೇಳಿದ್ದಕ್ಕೆ ಹುಲಿಗೆವ್ವ, “ನನ್ನ ಕೇಳಬ್ಯಾಡ್ರಿ ಅಕ್ಕಾರ, ನನ್ನ ಮೊಣಕಾಲ ಕೇಳ್ರಿ” ಎಂದಿದ್ದಳು. ಈ ಹೆಂಗಸಿನ ಹಣ್ಣೇ ಅವಳನ್ನು ಮನೆಗೆ ವಾಪಸು ಹೊತ್ತು ತರುವಂತಾದರೆ? ಅಲ್ಲಿಂದ ಪಟ್ಟಿ ಹುಟ್ಟಿತು. ಮೊದಲ ಏಳು ವರ್ಷ ಹಾಗೇ ನಡೆಯಿತು. ಕೋಟೆಹಾಳದ ಹೆಂಗಸರು ತಳ್ಳುಗಾಡಿಯಲ್ಲಿ ಸೀತಾಫಲ, ಹುಣಸೆಹಣ್ಣು ಇಳಿಸಿ, ಸಂಜೆ ಸೈಕಲ್ಲಿಗೆ ಅಕ್ಕಿಚೀಲ ಕಟ್ಟಿಕೊಂಡು ಮಾತಾಡುತ್ತ, ನಗುತ್ತ ಗುಡ್ಡ ಏರಿದರು.

ಆಮೇಲೆ ಪ್ರವಾಸ ಸಂಸ್ಥೆ ಬಂತು. ಪಟ್ಟಿಯ ದುರಸ್ತಿ ತನ್ನದು ಎಂದಿತು. ವಾಹನವಿಲ್ಲದ, ಹೊರಗಿನ ಶಕ್ತಿಯ ಒಂದು ಕಿಡಿಯನ್ನೂ ಬಳಸದ ದಾರಿ ಎಂಬ ಪ್ರಮಾಣಪತ್ರ ಪಡೆಯಿತು. ಅದಕ್ಕಾಗಿ ಊರಿನ ಜೀಪನ್ನೂ ನಿಲ್ಲಿಸಿತು. ಪಟ್ಟಿ ಇರುವಾಗ ಜೀಪು ಯಾಕೆ ಎಂದು ಊರವರೂ ಒಪ್ಪಿದರು. ಅದೇ ಹೊತ್ತಿಗೆ ಸಿಂಚನಾಳಿಗೆ ಹಿಮಾಚಲದಿಂದ ಕರೆ ಬಂತು. ಅಲ್ಲಿಯ ಗುಡ್ಡಗಳಿಗೆ ಪಟ್ಟಿ ಹಾಸುತ್ತ ಆರು ವರ್ಷ ಕಳೆದಳು. ಈಗ ಅವಳನ್ನು ಸನ್ಮಾನಿಸಲು ಅದೇ ಸಂಸ್ಥೆ ಕರೆಸಿತ್ತು.

ಹಸಿರು ತಾಡಪಾಲು ಮುಚ್ಚಿದ ಗಾಡಿಗಳು ಒಂದೊಂದಾಗಿ ಎದುರಿನಿಂದ ಇಳಿಯುತ್ತಿದ್ದವು. “ಅದೇ ನೋಡಿ, ಊರವರ ಸೀತಾಫಲ! ಅವರು ಇಳೀತಾರೆ, ನಾವು ಏರ್ತೀವಿ” ಎಂದು ಗೈಡ್ ಕೂಗಿದಾಗ ಎಲ್ಲರೂ ಕೈಬೀಸಿದರು. ಸಿಂಚನಾಳೂ ಬೀಸಿದಳು. ಒಂಬತ್ತನೆಯ ತಿರುವು ದಾಟಿದ ಮೇಲೆ ಅವಳಿಗೆ ಹೊಳೆಯಿತು: ಇದು ಫೆಬ್ರವರಿ. ಸೀತಾಫಲ ಡಿಸೆಂಬರಿಗೇ ಮುಗಿಯುತ್ತದೆ.

ಮುಂದಿನ ಗಾಡಿ ಪಕ್ಕದಲ್ಲಿ ಹಾದುಹೋದಾಗ ತಾಡಪಾಲಿನ ಅಂಚು ಗಾಳಿಗೆ ಎದ್ದಿತು. ಒಳಗಿದ್ದದ್ದು ಕಲ್ಲು. ಒಂದು ಮುಖ ನಯವಾಗಿ ಕೆತ್ತಿದ, ಸುಣ್ಣ ಬಳಿದ ಕಲ್ಲು.

ಕೋಟೆಯ ಬಾಗಿಲಲ್ಲಿ ಪ್ರವಾಸಿಗರಿಗೆ ಪಾನಕ ಕೊಡುತ್ತಿದ್ದರು. ದೊಡ್ಡ ಬೀದಿಯ ಎರಡೂ ಬದಿಗೆ ಮನೆಗಳು ಮೊದಲಿನಂತೆಯೇ ಸಾಲಾಗಿ ನಿಂತಿದ್ದವು. ಕೆತ್ತಿದ ಬಾಗಿಲುವಾಡ, ಜಗುಲಿ, ದೀಪದ ಗೂಡು. ಜನ ಫೋಟೋ ತೆಗೆಯುತ್ತಿದ್ದರು. ಸಿಂಚನಾ ಒಂದು ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಒಳಗೆ ಕತ್ತಲಿರಬೇಕಿತ್ತು. ಬಿಸಿಲಿತ್ತು. ಮನೆಯ ಮುಂದಿನ ಗೋಡೆಯೊಂದೇ ಉಳಿದಿತ್ತು. ಬೀಳದಿರಲೆಂದು ಹಿಂದಿನಿಂದ ಕಬ್ಬಿಣದ ಕಂಬ ಆನಿಸಿದ್ದರು. ಅದರಾಚೆ ಬಯಲು. ಪಕ್ಕದ ಮನೆಯೂ ಹಾಗೇ. ಅದರ ಪಕ್ಕದ್ದೂ ಹಾಗೇ.

ಹಗ್ಗ ಕಟ್ಟಿ ಪ್ರವೇಶವಿಲ್ಲ ಎಂದು ಬರೆದಿದ್ದ ಓಣಿಯಲ್ಲಿ ನುಗ್ಗಿ ಅವಳು ಹಿಂದಕ್ಕೆ ಹೋದಳು. ಅಲ್ಲಿ ಹತ್ತಾರು ಜನ ಹಾರೆ ಹಿಡಿದು ಕೆಲಸ ಮಾಡುತ್ತಿದ್ದರು. ತಲೆಗೆ ಟವೆಲ್ ಸುತ್ತಿಕೊಂಡು ಗಾಡಿಗೆ ಕಲ್ಲು ತುಂಬಿಸುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಹುಲಿಗೆವ್ವ. ಕೂದಲು ಪೂರಾ ಬೆಳ್ಳಗಾಗಿತ್ತು.

“ಬಂದ್ರ್ಯಾ ಅಕ್ಕಾರ? ಸನ್ಮಾನ ಐತಂತಲ್ರಿ” ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ಸಿಂಚನಾಳಿಗೆ ಹೆಚ್ಚು ಕಷ್ಟವಾಯಿತು.

“ಏನಿದು ಹುಲಿಗೆವ್ವ? ಯಾರು ಹೇಳಿದ್ರು ನಿಮಗೆ ಮನೆ ಕೆಡವೋಕೆ?”

“ಯಾರೂ ಹೇಳಲಿಲ್ರಿ. ಮೊದಲ ಮಂದಿ ಕಮ್ಮಿ ಬರ್ತಿದ್ರು, ಹಣ್ಣು ಸಾಲ್ತಿತ್ತು. ಈಗ ದಿನಕ್ಕ ನೂರೈವತ್ತು. ಹದಿನೆಂಟು ಟನ್ ಇಳೀಬೇಕಂತ. ಹಣ್ಣು ಮುಗೀತು. ಬಿದ್ದ ಮನಿ ಕಲ್ಲು ಇಳಿಸಿದ್ವಿ, ಮುಗೀತು. ಹೊಲದ ಮಣ್ಣು ಇಳಿಸಿದ್ವಿ, ಬಂಡೆ ಎದ್ದು ಕುಂತೈತಿ. ಈಗ ಇದು. ಒಂದು ಮನಿ ಐದು ದಿನ ಬರ್ತೈತಿ.”

“ಇಳಿಸೋದಿಲ್ಲ ಅನ್ನಬೇಕಿತ್ತು!”

“ಇಳಿಸ್ಲಿಲ್ಲಂದ್ರ ನಾವ್ ಏರೂದು ಹ್ಯಾಂಗ್ರಿ? ಜೀಪಿಲ್ಲ. ಅಕ್ಕಿ, ನೀರಿನ ಕ್ಯಾನು, ಬಸುರಿ ಹೆಂಗಸ್ರು, ಎಲ್ಲಾ ಇದ ಪಟ್ಟಿ ಮ್ಯಾಲ ಬರಬೇಕು. ಮೊದ್ಲು ಟಿಕೀಟಿನವ್ರು, ಉಳಿದ್ರ ನಾವು. ಹೋದ ವರ್ಸ ಮೂರು ದಿನ ಇಳಿಸದ ಕುಂತ್ವಿ. ನಾಕನೇ ದಿನ ಮಕ್ಕಳ ಹಾಲಿಗೆ ಗತಿ ಇರಲಿಲ್ಲ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಮ್ಯಾನೇಜರ್ ಸಾಹೇಬ್ರು ನೀವ್ ಬರೆದ ಕಾಗದ ಓದಿ ಹೇಳಿದ್ರು. ‘ಯಾವುದೇ ಭಾರ’ ಅಂತ ಐತಂತ ಅದ್ರಾಗ. ಆ ಎರಡು ಮಾತು ಈಗ ನಮ್ಮೂರಾಗ ಎಲ್ಲಾರಿಗೂ ಬಾಯಿಪಾಠ.”

ಸಿಂಚನಾಳಿಗೆ ಆ ವಾಕ್ಯ ನೆನಪಾಯಿತು. ಪ್ರವಾಸಿಗರು ಪೂರ್ವದ ದಾರಿಯಲ್ಲಿ ಏರಿ ಪಶ್ಚಿಮದ ದಾರಿಯಲ್ಲಿ ಇಳಿಯುತ್ತಾರೆ. ಆ ಕಡೆಗೂ ಪಟ್ಟಿ ಹಾಸಬೇಕೇ ಎಂದು ಸಂಸ್ಥೆ ಕೇಳಿತ್ತು. ಹಾಸಿ ನೆತ್ತಿಯಲ್ಲಿ ಈ ಪಟ್ಟಿಗೆ ಜೋಡಿಸಿದ್ದರೆ ಅವರು ಇಳಿಯುವ ಬಲವೇ ಬಹುಪಾಲು ವಾಪಸು ಬರುತ್ತಿತ್ತು. ಹಿಮಾಚಲಕ್ಕೆ ಹೊರಡುವ ಹಿಂದಿನ ದಿನ, ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ ಅವಳು ಉತ್ತರ ಬರೆದಿದ್ದಳು: ‘ಅನಿವಾರ್ಯವಲ್ಲ. ಕೊರತೆಯನ್ನು ಮೇಲೆ ಲಭ್ಯವಿರುವ ಯಾವುದೇ ಭಾರದಿಂದ ತುಂಬಿಕೊಳ್ಳಬಹುದು.’ ಬರೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಹುಣಸೆಹಣ್ಣಿನ ಚೀಲಗಳು.

“ಮುಂದೆ ಯಾರ ಮನೆ?” ಎಂದು ಕೇಳಿದಳು.

“ನಂದ. ನಾಳಿಂದ.”

ಮ್ಯಾನೇಜರ್ ನಿಖಿಲ್ ಪಟ್ಟೇದ ಮೂವತ್ತೈದರ ಸಭ್ಯ ಯುವಕ. ಕುರ್ಚಿ ಎಳೆದುಕೊಟ್ಟ, ಎಳನೀರು ತರಿಸಿದ.

“ಮೇಡಂ, ನಿಮಗೆ ಬೇಜಾರಾಗೋದು ಸಹಜ. ಆದರೆ ಮುಂದಿನ ಗೋಡೆ ಒಂದನ್ನೂ ನಾವು ಮುಟ್ಟಿಲ್ಲ. ಬರುವವರು ನೋಡೋದು ಅದನ್ನೇ. ಮನೆ ಒಳಗೆ ಯಾರು ಹೋಗ್ತಾರೆ ಹೇಳಿ?”

“ಒಳಗೆ ಮನುಷ್ಯರಿದ್ದರು, ನಿಖಿಲ್.”

“ಅವರಿಗೆ ಕೆಳಗೆ ಶೆಡ್ ಕಟ್ಟಿಸ್ತಿದ್ದೀವಿ.”

“ಪಶ್ಚಿಮಕ್ಕೆ ಪಟ್ಟಿ ಹಾಸಿ. ನಾನೇ ನಿಂತು ಹಾಸಿಕೊಡ್ತೀನಿ. ಎರಡು ತಿಂಗಳು ಸಾಕು.”

ಅವನು ತಲೆಯಾಡಿಸಿದ. “ಪಟ್ಟಿ ಹಾಸಿದರೆ ಇಳಿಯುವಾಗ ಚಕ್ರ ಹಿಡಿದಂತಾಗುತ್ತೆ, ವೇಗ ಬರೋಲ್ಲ. ಜನ ಬರೋದೇ ಆ ಹದಿನಾಲ್ಕು ಕಿಲೋಮೀಟರ್ ಗಾಳಿಯಂತೆ ಇಳಿಯೋಕೆ. ನನ್ನ ಮಾತು ನಂಬಬೇಡಿ. ಈಗ ಎಲ್ಲರೂ ಸೇರಿದ್ದಾರೆ, ಮೈಕ್ ನಿಮ್ಮ ಕೈಗೆ ಕೊಡ್ತೀನಿ. ನೀವೇ ಕೇಳಿ.”

ಸಿಂಚನಾ ಕೇಳಿದಳು. ಹೆಗಲ ಮೇಲೆ ಶಾಲು, ಕೈಯಲ್ಲಿ ಫಲಕ ಹಿಡಿದು ನಿಂತೇ ನೂರೈವತ್ತು ಜನರಿಗೆ ಎಲ್ಲವನ್ನೂ ಹೇಳಿದಳು. ತಾವು ಬೆವರದೆ ಏರಿದ್ದು ಯಾವುದರ ತೂಕದಿಂದ, ಗೋಡೆಗಳ ಹಿಂದೆ ಏನಿದೆ, ತಾನು ಬರೆದ ಎರಡು ಪದ ಯಾವುವು. ಹುಲಿಗೆವ್ವನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. “ಇವತ್ತು ನೀವು ಪಶ್ಚಿಮಕ್ಕೆ ಹೋಗದೆ ಬಂದ ದಾರಿಯಲ್ಲೇ ನಿಧಾನವಾಗಿ ಇಳಿದರೆ ನಿಮ್ಮ ತೂಕ ಪಟ್ಟಿಗೆ ಸೇರುತ್ತದೆ. ಒಂದೂವರೆ ಗಂಟೆ ಹೆಚ್ಚು ಹಿಡಿಯಬಹುದು. ಎಲ್ಲರೂ ಹಾಗೆ ಮಾಡಿದರೆ ನಾಳೆ ಈಕೆಯ ಮನೆಯಿಂದ ಕೀಳಬೇಕಾದ್ದು ನಾಲ್ಕರಲ್ಲಿ ಒಂದು ಪಾಲು ಮಾತ್ರ” ಎಂದಳು.

ಜನ ಗಮನವಿಟ್ಟು ಕೇಳಿದರು. ಕೆಲವರ ಕಣ್ಣು ತುಂಬಿತು. ಮುಗಿದಾಗ ದೀರ್ಘವಾಗಿ ಚಪ್ಪಾಳೆ ತಟ್ಟಿದರು. ಹಲವರು ಬಂದು ಹುಲಿಗೆವ್ವನ ಕೈ ಹಿಡಿದು, ಅವಳ ಮನೆಯ ಮುಂದೆ ಅವಳ ಜೊತೆ ಫೋಟೋ ತೆಗೆಸಿಕೊಂಡರು. ಒಬ್ಬಾಕೆ ತುಂಬ ಮೃದುವಾಗಿ, “ಪಶ್ಚಿಮದ ದಾರಿ ಎಷ್ಟು ಗಂಟೆವರೆಗೆ ತೆರೆದಿರುತ್ತೆ?” ಎಂದು ಗೈಡನ್ನು ವಿಚಾರಿಸಿದಳು.

ದಾವಣಗೆರೆಯ ಪ್ರಾಂಶುಪಾಲರು ಪೂರ್ವದ ಬಾಗಿಲಿಗೆ ಸೈಕಲ್ ತಿರುಗಿಸಿದರು. ಅವರ ಹಿಂದೆ ಒಂದು ಜೋಡಿ, ಅವರ ಹಿಂದೆ ಇನ್ನೂ ಆರು ಜನ. ಉಳಿದವರು ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಯಾರೋ ಒಬ್ಬ ಪಶ್ಚಿಮಕ್ಕೆ ಹೊರಟ. ಆಮೇಲೆ ಎಲ್ಲರಿಗೂ ಸುಲಭವಾಯಿತು. ಇಳಿಜಾರಿನಿಂದ ಅವರ ಕೇಕೆ ತುಂಬ ಹೊತ್ತು ಕೇಳಿಸುತ್ತಿತ್ತು.

“ಒಂಬತ್ತು ಮಂದಿ,” ಎಂದಳು ಹುಲಿಗೆವ್ವ. ತಿಂಗಳುಗಟ್ಟಲೆ ಭಾರ ಹೇರಿ ಅವಳಿಗೆ ತೂಕದ ಅಂದಾಜು ಕಣ್ಣಲ್ಲೇ ಸಿಗುತ್ತಿತ್ತು. “ಎಂಟು ಕ್ವಿಂಟಲ್ ಆಗಬಹುದು. ಒಲೀಕಟ್ಟಿ ಉಳೀತು ಅಕ್ಕಾರ. ಇನ್ನೊಂದು ದಿನ ರೊಟ್ಟಿ ಮಾಡಬಹುದು.”

“ನನ್ನ ಬೈಯಿರಿ ಹುಲಿಗೆವ್ವ,” ಎಂದಳು ಸಿಂಚನಾ.

“ಬೈದ್ರ ಗ್ವಾಡಿ ಎದ್ದು ನಿಲ್ತೈತೇನ್ರಿ? ನೀವು ಕೆಟ್ಟದ್ದು ಮಾಡಾಕ ಬಂದಿರಲಿಲ್ಲ. ಮಾಡಿ ಹೋದ್ರಿ, ಮತ್ತ ಬಂದು ನೋಡಲಿಲ್ಲ. ಅಷ್ಟ.”

ಸಿಂಚನಾ ಊರಲ್ಲೇ ಉಳಿದಳು. ಪಟ್ಟಿಯ ಹಕ್ಕು ಅವಳ ಕೈಬಿಟ್ಟು ಬಹಳ ಕಾಲವಾಗಿತ್ತು. ಸಂಸ್ಥೆಗೆ ಬರೆದಳು, ಸರ್ಕಾರಕ್ಕೆ ಬರೆದಳು, ಪತ್ರಿಕೆಗಳಿಗೂ ಬರೆದಳು. ಒಂದು ಪತ್ರಿಕೆ ಲೇಖನ ಅಚ್ಚುಹಾಕಿತು. ಕಣ್ಮರೆಯಾಗುವ ಮುನ್ನ ಕೋಟೆಹಾಳವನ್ನು ನೋಡಬೇಕೆಂದು ಮುಂದಿನ ತಿಂಗಳು ಪ್ರವಾಸಿಗರು ಇನ್ನೂರಾದರು. ಐದು ದಿನ ಬರುತ್ತಿದ್ದ ಒಂದು ಮನೆ ಈಗ ನಾಲ್ಕೇ ದಿನಕ್ಕೆ ಮುಗಿಯತೊಡಗಿತು. ಹುಲಿಗೆವ್ವನ ಮನೆ ಅದಕ್ಕೆ ಮೊದಲೇ ಹೋಗಿತ್ತು. ಅವಳ ಗಂಡ ಬದುಕಿದ್ದಾಗ ಕಟ್ಟಿದ ಅಡುಗೆಮನೆಯ ಗೋಡೆಯನ್ನು ಬೇರೆಯವರ ಕೈಗೆ ಬಿಡದೆ ಅವಳೇ ಹಾರೆ ಹಾಕಿ ಕೆಡವಿದ್ದಳು. ಸಿಂಚನಾ ಕಲ್ಲು ಎತ್ತಿಕೊಟ್ಟಿದ್ದಳು.

ಮಳೆಗಾಲದ ಹೊತ್ತಿಗೆ ಹಿಂದಿನ ಗೋಡೆಯಿದ್ದ ಮನೆ ಊರಲ್ಲಿ ಒಂದೂ ಉಳಿಯಲಿಲ್ಲ. ಜನ ಕೆಳಗಿನ ಶೆಡ್‌ಗಳಿಗೆ ಹೊರಟರು. ಕೊನೆಯ ಗಾಡಿಯಲ್ಲಿ ಪಾತ್ರೆ, ಹಾಸಿಗೆಗಳ ಜೊತೆ ಹುಲಿಗೆವ್ವ ಕುಳಿತಳು. ಮೊಣಕಾಲು ನಡೆಯಲು ಬಿಡುತ್ತಿರಲಿಲ್ಲ. ಬಾಗಿಲ ಬಳಿಯ ಯಂತ್ರ ಹೊರಡುವ ಪ್ರತಿ ಗಾಡಿಯನ್ನು ತೂಗಿ ಫಲಕದಲ್ಲಿ ತೋರಿಸುತ್ತಿತ್ತು. ಸಾಮಾನೆಲ್ಲ ಹೇರಿದ ಮೇಲೆ ಅವಳು ಹತ್ತಿದಾಗ ಅಂಕಿ ಐವತ್ತೆಂಟು ಕಿಲೋ ಮೇಲೇರಿ ನಿಂತಿತು.

“ಇದಕ್ಕ ಎಷ್ಟ್ ಮಂದಿ ಏರ್ತಾರ್ರಿ?” ಎಂದು ಅವಳು ಕೇಳಿದಳು.

ಸಿಂಚನಾಳಿಗೆ ಉತ್ತರ ಗೊತ್ತಿತ್ತು. ಆ ತೂಕ ಒಬ್ಬ ಸವಾರನನ್ನು ಅರ್ಧ ದಾರಿಯವರೆಗೆ ಎತ್ತುತ್ತದೆ. ಅವಳು ಗಾಡಿ ಮೊದಲ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು. ಕೆಳಗಿನಿಂದ ಬೆಳಗಿನ ಗುಂಪು ಬರುತ್ತಿತ್ತು. ಯಾರೋ ಆ ಗಾಡಿಗೆ ಕೈಬೀಸಿದರು.

ಇದೆಲ್ಲ ನಡೆಯಲು ಇನ್ನೂ ಮೂವತ್ತು ಚಿಲ್ಲರೆ ವರ್ಷಗಳಿವೆ. ಇಂದು ಗುಡ್ಡದ ಊರಿಗೆ ಸೈಕಲ್ ತುಳಿಯುವವರಿಗೆ ಏದುಸಿರು ಬರುತ್ತದೆ, ತೊಡೆ ಉರಿಯುತ್ತದೆ, ಅರ್ಧಕ್ಕೆ ಇಳಿದು ತಳ್ಳಬೇಕಾಗುತ್ತದೆ. ಅಷ್ಟು ಹೊತ್ತು ಅವರನ್ನು ಎತ್ತುತ್ತಿರುವವರು ಅವರೇ. ಆ ಏದುಸಿರನ್ನು ಇಲ್ಲವಾಗಿಸುವ ಕೆಲಸ ಎಲ್ಲೋ ಒಂದು ಪ್ರಯೋಗಶಾಲೆಯಲ್ಲಿ ಈಗಾಗಲೇ ಶುರುವಾಗಿರಬಹುದು. ಅಲ್ಲಿ ಕುಳಿತು ದುಡಿಯುತ್ತಿರುವವರು ಒಳ್ಳೆಯವರೇ ಇರಬಹುದು.